ಕಾನಸೂರು ಸೀಮೆ: ತೋಟ, ಬೆಟ್ಟ, ಜ್ವರ

ಶಿರಸಿ–ಸಿದ್ದಾಪುರ ರಸ್ತೆಯ ಮೇಲಿರುವ ಕಾನಸೂರು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಅಡಿಕೆ ಸೀಮೆಗೆ ಸೇರಿದ ಊರು. ಕಣಿವೆಯ ತಂಪಿನಲ್ಲಿ ಅಡಿಕೆ, ಕಾಳುಮೆಣಸಿನ ತೋಟ, ತಗ್ಗಿನಲ್ಲಿ ಭತ್ತದ ಗದ್ದೆ, ಅವುಗಳ ಮೇಲೆ ಸೊಪ್ಪಿನ ಬೆಟ್ಟ. ಬೆಟ್ಟವಿಲ್ಲದೆ ಇಲ್ಲಿ ತೋಟವಿಲ್ಲ. ತೋಟಿಗರು ಸೊಪ್ಪು ಕಡಿದುಕೊಳ್ಳಲು ಕಾಡಿನ ಒಂದು ಪಾಲನ್ನು ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದಲೂ ನಡೆದುಬಂದಿದೆ. ಈ ಸೀಮೆಯ ಕಾಯಿಲೆಗಳನ್ನು ಅರಿಯಬೇಕಾದರೆ ಇಲ್ಲಿನ ದುಡಿಮೆಯಿಂದಲೇ ಶುರುಮಾಡಬೇಕು.

ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಜನರನ್ನು ಹಣ್ಣುಮಾಡಿದ್ದು ಮಲೇರಿಯಾ. ಮಲೆನಾಡಿನಲ್ಲಿ ಅದನ್ನು ಹರಡುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಸೊಳ್ಳೆ ಮೊಟ್ಟೆಯಿಡುವುದು ನಿಧಾನವಾಗಿ ಹರಿಯುವ ತಿಳಿನೀರಿನಲ್ಲಿ. ತೋಟಕ್ಕೆ ನೀರುಣಿಸುವ ಹಳ್ಳ, ಕಾಲುವೆಗಳೇ ಅದಕ್ಕೂ ನೆಲೆ. 1946ರಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ಮುಂದಾಳುತನದಲ್ಲಿ ಅಂದಿನ ಮುಂಬಯಿ ಪ್ರಾಂತ್ಯದ ಕೆನರಾ, ಧಾರವಾಡ ಜಿಲ್ಲೆಗಳ ಮನೆಗಳ ಒಳಗೋಡೆಗಳಿಗೆ ಡಿಡಿಟಿ ಹೊಡೆಯಲಾಯಿತು. ಜ್ವರ ಬೇಗ ಇಳಿಯಿತು.

ಅದು ಇಳಿದು ಹತ್ತು ವರ್ಷ ಕಳೆಯುವಷ್ಟರಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಆಸುಪಾಸಿನ ಹಳ್ಳಿಗರಲ್ಲಿ ವಿಪರೀತ ಜ್ವರ, ತಲೆನೋವು, ಮೈಕೈ ನೋವು, ಕೆಲವರಲ್ಲಿ ರಕ್ತಸ್ರಾವ. ಪುಣೆಯ ವೈರಸ್ ಸಂಶೋಧನಾ ಕೇಂದ್ರ ಇದಕ್ಕೆ ಕಾರಣವಾದ ವೈರಸ್ಸನ್ನು ಗುರುತಿಸಿತು. ಅದನ್ನು ಹರಡುವುದು ಕಾಡಿನ ಉಣುಗು. ಮುಸಿಯ, ಕೆಂಪು ಮಂಗಗಳು ಸತ್ತಾಗ ಅವುಗಳ ಮೈಮೇಲಿನ ಉಣುಗುಗಳು ನೆಲಕ್ಕುದುರಿ ಆ ಜಾಗವೇ ಅಪಾಯದ ತಾಣವಾಗುತ್ತದೆ. ದನಕರುಗಳಿಂದ ರೋಗ ಅಂಟುವುದಿಲ್ಲ, ಆದರೆ ಬಲಿತ ಉಣುಗು ಅವುಗಳ ರಕ್ತ ಕುಡಿದು ಸಂತತಿ ಬೆಳೆಸುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವ ಎಳೆಯ ಉಣುಗುಗಳು ಡಿಸೆಂಬರಿನಿಂದ ಮೇವರೆಗೆ ವಿಪುಲ. ದರಕು ಗುಡಿಸಿ ಕೊಟ್ಟಿಗೆಗೆ ಹಾಸುವ, ಸೊಪ್ಪು ಕಡಿಯುವ, ಸೌದೆ ಹೊರುವ ಕಾಲವೂ ಅದೇ. ಹಾಗಾಗಿ ಕಾಯಿಲೆಯ ಹೊರೆ ತೋಟದ ಒಡೆಯರಿಗಿಂತ ಬೆಟ್ಟದಲ್ಲಿ ದುಡಿಯುವ ಕೂಲಿಕಾರರು, ಹೆಂಗಸರು, ದನ ಕಾಯುವವರ ಮೇಲೆ ಹೆಚ್ಚು ಬೀಳುತ್ತದೆ. ಕಾಯಿಲೆ ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಸಿದ್ದಾಪುರ ತಾಲ್ಲೂಕಿನಲ್ಲಿ 2024ರಲ್ಲಿಯೂ ಅದು ಜೀವ ತೆಗೆದುಕೊಂಡಿತು.

ಸೀಮೆಯಿಂದ ಸೀಮೆಗೆ ಬೇಸಾಯ ಬದಲಾದಂತೆ ಕಾಯಿಲೆಯೂ ಬದಲಾಗುತ್ತದೆ. ಮಂಡ್ಯ, ಕೋಲಾರದ ಕಡೆ ನೀರು ನಿಂತ ಭತ್ತದ ಗದ್ದೆಗಳಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಮಕ್ಕಳಿಗೆ ಮೆದುಳು ಜ್ವರ ತರುತ್ತದೆ. ಒಣಬೇಸಾಯದ ಬಯಲುಸೀಮೆಯಲ್ಲಿ ಆಳದ ಬೋರ್‌ವೆಲ್ ನೀರಿನ ಫ್ಲೋರೈಡ್ ಹಲ್ಲು, ಮೂಳೆಗಳನ್ನು ಕೆಡಿಸುತ್ತದೆ. ಕಾಸರಗೋಡಿನ ಗೇರುತೋಟಗಳ ಸುತ್ತಲ ಜನ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನಿನ ಸಂಕಟವನ್ನು ಇಂದಿಗೂ ಉಣ್ಣುತ್ತಿದ್ದಾರೆ.

ಮತ್ತೆ ಕಾನಸೂರು ಸೀಮೆಗೆ ಬಂದರೆ, ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧಿಯಿಲ್ಲ. 1990ರಿಂದ ಬಳಕೆಯಲ್ಲಿದ್ದ ಲಸಿಕೆಯ ಪರಿಣಾಮ ಕುಂದಿದ್ದರಿಂದ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಬೆಟ್ಟಕ್ಕೆ ಹೋಗುವಾಗ ಕೈಕಾಲಿಗೆ ಉಣುಗು ಓಡಿಸುವ ಎಣ್ಣೆ ಹಚ್ಚಿಕೊಳ್ಳುವುದು, ಮರಳಿದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡುವುದು, ಮಂಗ ಸತ್ತದ್ದು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುವುದು ಇವೇ ಈಗಿರುವ ರಕ್ಷಣೆ.