ಜನವಾಡದ ತಪಸ್ಥಾನ: ಮಾಯಿ ಭಾಗೋ ಮತ್ತು ಸಿಖ್ ಹೆಣ್ಣುಮಕ್ಕಳ ಸಾಧನಾ ಶಿಬಿರ

ತುಮಕೂರು ಜಿಲ್ಲೆಯ ಬಡವನಹಳ್ಳಿ ಸೀಮೆಯಲ್ಲಿ ಬೆಳೆದವರಿಗೆ ತಪಸ್ಸು ಎಂದರೆ ಬೆಟ್ಟ, ಗವಿ, ಒಂಟಿತನ. ಕೊರಟಗೆರೆಯ ಸಿದ್ಧರಬೆಟ್ಟ ಹತ್ತಿ ಗವಿ ನೋಡಿ ಬಂದವರ ಬಾಯಲ್ಲಿ ಆ ಮಾತಿಗೆ ಬೇರೆ ಅರ್ಥವಿಲ್ಲ. ಬೀದರಿನ ಹತ್ತಿರ ಜನವಾಡದಲ್ಲಿ ‘ತಪಸ್ಥಾನ ಮಾಯಿ ಭಾಗೋ’ ಎಂಬ ಗುರುದ್ವಾರವಿದೆ ಎಂದು ಓದಿದಾಗ ನನ್ನ ಕಣ್ಣಮುಂದೆ ಬಂದದ್ದೂ ಒಂದು ಗವಿಯೇ. ಆ ಚಿತ್ರ ಇಲ್ಲಿಗೆ ಹೊಂದುವುದಿಲ್ಲ. ಏಕೆ ಹೊಂದುವುದಿಲ್ಲ ಎಂದು ತಿಳಿದರೆ, ಇಂದು ಸಿಖ್ ಹೆಂಗಸರು, ಹುಡುಗಿಯರು ಕೂಡಿ ನಡೆಸುವ ಸಾಧನಾ ಶಿಬಿರಗಳ ಸ್ವರೂಪವೂ ತಿಳಿಯುತ್ತದೆ.

ಮೊದಲು ಊರಿನ ಹೆಸರು. ಸಿಖ್ ಚರಿತ್ರೆಯ ಪುಸ್ತಕಗಳಲ್ಲಿ ಇದು ‘ಜಿನ್ವಾಡಾ’. ಬೀದರಿಗೆ 11 ಕಿ.ಮೀ. ದೂರ ಎಂಬ ಅಳತೆಯೂ ಅಲ್ಲಿರುತ್ತದೆ. ಅದು ನಮ್ಮ ಜನವಾಡವೇ. ಹೆಸರಿನ ಈ ಸಣ್ಣ ವ್ಯತ್ಯಾಸದಿಂದ ಕನ್ನಡದ ಓದುಗ ಅದನ್ನು ಪಂಜಾಬಿನ ಯಾವುದೋ ಹಳ್ಳಿಯೆಂದು ದಾಟಿಹೋಗುವುದುಂಟು.

ಮಾಯಿ ಭಾಗೋ ಹುಟ್ಟಿದ್ದು ಅಮೃತಸರ ಸೀಮೆಯ ಝಬಾಲ್‌ನಲ್ಲಿ. ಆನಂದಪುರದ ಮುತ್ತಿಗೆಯ ಕಾಲದಲ್ಲಿ ನಲವತ್ತು ಮಂದಿ ಸಿಖ್ಖರು ಗುರು ಗೋಬಿಂದ ಸಿಂಗರಿಗೆ ‘ನೀವು ನಮ್ಮ ಗುರುವಲ್ಲ’ ಎಂದು ಬರೆದುಕೊಟ್ಟು ಊರಿಗೆ ಮರಳಿದ್ದರು. ಅವರನ್ನು ಹಂಗಿಸಿ, ಹುರಿದುಂಬಿಸಿ, ತಾನೇ ಮುಂದಾಗಿ ಮತ್ತೆ ಕರೆದೊಯ್ದವಳು ಭಾಗೋ. 1705ರಲ್ಲಿ ಖಿದ್ರಾಣದ ಕೊಳದ ಬಳಿ ಮೊಘಲ್ ಸೈನ್ಯದೊಡನೆ ಕಾಳಗವಾಯಿತು. ನಲವತ್ತೂ ಮಂದಿ ಮಡಿದರು. ಸಾಯುವ ಮುನ್ನ ಅವರಲ್ಲೊಬ್ಬನಾದ ಮಹಾನ್ ಸಿಂಗ್ ಬೇಡಿದ್ದಕ್ಕೆ ಗುರು ಗೋಬಿಂದ ಸಿಂಗರು ಆ ಕಾಗದವನ್ನು ಹರಿದುಹಾಕಿದರು ಎಂದು ಪರಂಪರೆ ಹೇಳುತ್ತದೆ. ಸತ್ತವರು ‘ಮುಕ್ತ’ರಾದರು, ಕೊಳ ‘ಮುಕ್ತಸರ’ವಾಯಿತು. ಗಾಯಗೊಂಡ ಭಾಗೋ ಉಳಿದಳು. ಮುಂದೆ ಗಂಡುಡುಗೆ ತೊಟ್ಟು ಗುರುವಿನ ಅಂಗರಕ್ಷಕರಲ್ಲಿ ಒಬ್ಬಳಾದಳು. ಮೊಘಲ್ ಬಾದಷಹ ಬಹದ್ದೂರ್ ಷಾನ ದಂಡು ದಕ್ಷಿಣಕ್ಕೆ ಬಂದಾಗ ಅದರೊಡನೆ ಹೊರಟ ಗುರುವಿನ ಜೊತೆ ಆಕೆಯೂ ಈಗಿನ ಮಹಾರಾಷ್ಟ್ರದ ನಾಂದೇಡಕ್ಕೆ ಬಂದಳು. 1708ರ ಅಕ್ಟೋಬರಿನಲ್ಲಿ ಗುರು ಅಲ್ಲಿಯೇ ತೀರಿಕೊಂಡರು. ಭಾಗೋ ಪಂಜಾಬಿಗೆ ತಿರುಗಲಿಲ್ಲ. ಜನವಾಡಕ್ಕೆ ಬಂದು ನೆಲೆಸಿ ಮುಪ್ಪಿನವರೆಗೂ ಅಲ್ಲಿದ್ದಳು. ಆಕೆಯ ಗುಡಿಸಲಿದ್ದ ಜಾಗವೇ ಇಂದಿನ ತಪಸ್ಥಾನ.

ಆಗಿನ ರಾಜಕೀಯ ನೆಲವನ್ನು ನಮ್ಮ ಕಡೆಯಿಂದ ನೋಡುವುದು ಒಳ್ಳೆಯದು. ಬೀದರ್ 1657ರಲ್ಲಿ ಔರಂಗಜೇಬನ ವಶವಾಗಿತ್ತು. 1687ರ ಹೊತ್ತಿಗೆ ಮೊಘಲರು ನಮ್ಮ ಶಿರಾವನ್ನೇ ಒಂದು ಸುಬಾದ ಕೇಂದ್ರ ಮಾಡಿಕೊಂಡಿದ್ದರು. ಅಂದರೆ ಭಾಗೋ ಬಂದು ನೆಲೆಸಿದ್ದು, ತಾನು ಯಾವ ಬಾದಷಾಹಿಯ ಎದುರು ಈಟಿ ಹಿಡಿದಿದ್ದಳೋ ಅದರ ಆಡಳಿತದ ನಡುವೆಯೇ. ಅದನ್ನು ಬರೀ ವಿಶ್ರಾಂತಿ ಎಂದು ಬರೆದುಬಿಡುವುದು ನನಗೆ ಒಪ್ಪಿಗೆಯಿಲ್ಲ.

ಈ ಸೀಮೆ ಸಿಖ್ಖರಿಗೆ ಹೊಸದೂ ಆಗಿರಲಿಲ್ಲ. ಬೀದರಿನಲ್ಲಿ ಗುರು ನಾನಕರ ಪಾದ ಸೋಕಿ ಬಂಡೆಯಿಂದ ಸಿಹಿನೀರು ಚಿಮ್ಮಿತೆಂಬ ನಂಬಿಕೆಯಿದೆ. ಅಲ್ಲಿನ ಗುರುದ್ವಾರ ನಾನಕ ಝೀರಾದ ‘ಝೀರಾ’ ಎಂದರೆ ಆ ಒರತೆ. 1699ರಲ್ಲಿ ದೀಕ್ಷೆ ಪಡೆದ ಸಿಖ್ಖರ ಪಂಥವಾದ ಖಾಲ್ಸಾ ಹುಟ್ಟಿದಾಗ, ಗುರು ಕೇಳಿದಂತೆ ತಲೆ ಕೊಡಲು ಎದ್ದುನಿಂತ ಐವರಲ್ಲಿ ಒಬ್ಬರಾದ ಸಾಹಿಬ್ ಸಿಂಗ್ ಬೀದರಿನವರು, ಕ್ಷೌರಿಕ ವೃತ್ತಿಯವರು. ತುಮಕೂರಿನವರಿಗೆ ಒರತೆಯ ಕಥೆ ಕೇಳಿದ ಕೂಡಲೇ ಸಿದ್ಧಗಂಗೆ ನೆನಪಾಗುತ್ತದೆ: ಗೋಸಲ ಸಿದ್ಧೇಶ್ವರರ ಮೊಣಕಾಲು ತಾಗಿ ಕಲ್ಲಿನಿಂದ ಗಂಗೆ ಬಂದದ್ದು, ಬಾಯಾರಿದವರೊಬ್ಬರಿಗಾಗಿ. ಅಲ್ಲಿ ದಾಸೋಹ, ಇಲ್ಲಿ ಲಂಗರ್. ನೀರು ಬಂದ ಕಡೆಯೇ ಒಲೆಯೂ ಉರಿಯಿತು. ಒಂದರಿಂದ ಇನ್ನೊಂದು ಬಂತೆಂದು ನಾನು ಹೇಳುತ್ತಿಲ್ಲ. ಆದರೆ ಜನವಾಡವನ್ನು ಅರಿಯಲು ಸಿದ್ಧರಬೆಟ್ಟದ ಗವಿಗಿಂತ ಸಿದ್ಧಗಂಗೆಯ ಒಲೆ ಹತ್ತಿರದ್ದು.

ಯಾಕೆಂದರೆ ಸಿಖ್ ಪಂಥ ಕಾಡು ಸೇರುವ ವೈರಾಗ್ಯವನ್ನು ಮೆಚ್ಚಿದ್ದಲ್ಲ. ನಾನಕರ ‘ಸಿದ್ಧ ಗೋಷ್ಟ್’ ರಚನೆಯೇ ನಾಥಸಿದ್ಧರೊಡನೆ ಈ ವಿಷಯವಾಗಿ ನಡೆಸಿದ ವಾದ. ಸಂಸಾರದಲ್ಲಿದ್ದು ನಾಮಸ್ಮರಣೆ, ದುಡಿಮೆ, ಹಂಚಿ ಉಣ್ಣುವುದು ಅವರ ದಾರಿ. ಅಕ್ಕಮಹಾದೇವಿ ಕಲ್ಯಾಣ ದಾಟಿ ಶ್ರೀಶೈಲದ ಕದಳಿಗೆ ಹೋದಳು. ಆ ಕಲ್ಯಾಣವಿರುವ ಬೀದರ್ ಜಿಲ್ಲೆಯದೇ ಇನ್ನೊಂದು ಊರಿನಲ್ಲಿ ಭಾಗೋ ಗುಡಿಸಲು ಕಟ್ಟಿದಳು. ಇಬ್ಬರನ್ನೂ ‘ಏಕಾಂತ’ ಎಂಬ ಒಂದೇ ಪದದಡಿ ಸೇರಿಸಿದರೆ ಇಬ್ಬರಿಗೂ ಅನ್ಯಾಯ.

ಸಾಧನಾ ಶಿಬಿರದ ಒಂದು ದಿನವೂ ಇದೇ ದಾರಿಯದು. ಬೆಳಕು ಹರಿಯುವ ಮೊದಲಿನ ‘ಅಮೃತ ವೇಳೆ’ಗೆ ಎದ್ದು ಸ್ನಾನ, ಜಪ್‌ಜಿಯ ಪಠಣ, ಸಿಮರನ್ ಎಂಬ ನಾಮಸ್ಮರಣೆ. ಸಂಜೆ ರಹಿರಾಸ್, ಮಲಗುವ ಮುನ್ನ ಸೋಹಿಲಾ ಪ್ರಾರ್ಥನೆ. ನಡುವಿನ ಹೊತ್ತು ಕೀರ್ತನೆ, ಗುರುಮುಖಿ ಲಿಪಿ, ಚರಿತ್ರೆ. ಜೊತೆಗೆ ಹಿಟ್ಟು ನಾದುವುದು, ರೊಟ್ಟಿ ಲಟ್ಟಿಸುವುದು, ಪಾತ್ರೆ ತೊಳೆಯುವುದು. ಅಡುಗೆಮನೆಯ ಸರದಿ ಸಾಧನೆಯ ಹೊರಗಿನದಲ್ಲ, ಅದರ ಭಾಗವೇ. ಕಡಾಹ್ ಪ್ರಸಾದವನ್ನೇ ನೋಡಿ: ಗೋಧಿಹಿಟ್ಟು, ತುಪ್ಪ, ಸಕ್ಕರೆ ಮೂರೂ ಸಮ ಅಳತೆ. ಹಿಟ್ಟು ಕೆಂಪಗೆ ಹುರಿದು ತಳ ಬಿಡುವವರೆಗೂ ತಿರುವಬೇಕು, ತಿರುವುವಾಗ ಬಾಯಲ್ಲಿ ಗುರುವಾಣಿ ನಿಲ್ಲಬಾರದು. ಹಂಚುವಾಗ ಕೂತೇ ಬೊಗಸೆಯೊಡ್ಡಬೇಕು. ಬಿಸಿ ತುಪ್ಪ ಅಂಗೈ ರೇಖೆಗಳಲ್ಲಿ ಇಳಿಯುತ್ತದೆ. ಮೊದಲ ಸಲ ಬಂದ ಹುಡುಗಿ ಅದನ್ನು ಒರೆಸಿಕೊಳ್ಳಲು ಬಟ್ಟೆ ಹುಡುಕಿದರೆ, ಪಕ್ಕದ ಹಿರಿಯಾಕೆ ಎರಡು ಅಂಗೈ ತಿಕ್ಕಿ ತೋರಿಸುತ್ತಾಳೆ.

ಹೆಣ್ಣುಮಕ್ಕಳಿಗೇ ಬೇರೆ ಶಿಬಿರ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದು. 1945ರಲ್ಲಿ ಒಪ್ಪಿತವಾದ ನಡವಳಿಕೆಯ ನಿಯಮಾವಳಿ ‘ಸಿಖ್ ರಹಿತ್ ಮರ್ಯಾದಾ’ ಗ್ರಂಥಪಠಣಕ್ಕೂ ಕೀರ್ತನೆಗೂ ಹೆಣ್ಣು ಗಂಡೆಂಬ ಭೇದ ಮಾಡುವುದಿಲ್ಲ. ರೂಢಿ ಬೇರೆ. ಅಮೃತಸರದ ಹರಿಮಂದಿರದ (ಸ್ವರ್ಣಮಂದಿರದ) ಒಳಗೆ ಹೆಂಗಸರಿಗೆ ಕೀರ್ತನೆಯ ಅವಕಾಶ ಕೊಡಬೇಕೆಂದು ಪಂಜಾಬ್ ವಿಧಾನಸಭೆ 2019ರ ನವೆಂಬರಿನಲ್ಲಿ ನಿರ್ಣಯವನ್ನೇ ಮಾಡಬೇಕಾಯಿತು. ಹಾರ್ಮೋನಿಯಂ, ತಬಲ ಗಂಡಸರ ಕೈಯಲ್ಲೇ ಇರುವಲ್ಲಿ ಹುಡುಗಿ ಕಲಿಯುವುದು ಯಾವಾಗ? ಶಿಬಿರದಲ್ಲಿ ಎರಡಕ್ಕೂ ಅವಳೇ ಕೂರಬೇಕು. 1430 ಪುಟಗಳ ಗುರುಗ್ರಂಥವನ್ನು ತೆರೆದು, ಎಡಪುಟದ ಮೇಲ್ತುದಿಯ ಶಬದ್ (ಪದ) ಅನ್ನು ಅಂದಿನ ಹುಕಂ, ಅಂದರೆ ಗುರುವಿನ ಅಪ್ಪಣೆ, ಎಂದು ಸಭೆಗೆ ಓದಿ ಹೇಳುವವಳೂ ಅವಳೇ. ನನ್ನ ಮಟ್ಟಿಗೆ ಇಡೀ ಶಿಬಿರದ ತಿರುಳು ಆ ಗಳಿಗೆಯಲ್ಲಿದೆ.

ಮತ್ತೆ ಭಾಗೋಳ ಕಡೆಗೆ ಬಂದರೆ, ನಾಂದೇಡದ ಹಜೂರ್ ಸಾಹಿಬ್ ಗುರುದ್ವಾರದ ಆವರಣದಲ್ಲಿ ಆಕೆ ವಾಸವಿದ್ದ ಜಾಗಕ್ಕೆ ‘ಬುಂಗಾ ಮಾಯಿ ಭಾಗೋ’ ಎಂಬ ಹೆಸರಿದೆ. ನಾಂದೇಡ, ಜನವಾಡ ಎರಡೂ 1948ರವರೆಗೆ ನಿಜಾಮನ ರಾಜ್ಯದಲ್ಲಿದ್ದವು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಎರಡರ ನಡುವೆ ರಾಜ್ಯದ ಗಡಿ ಬಂತು, ಓದಿನ ಭಾಷೆಯ ಗಡಿಯೂ ಬಂತು. ಈ ಗಡಿಗಳಿಂದ ಆಕೆಯ ಕಥೆ ತುಂಡಾಗದಿರಲು, ಬೀದರ್ ಕಡೆಯ ಸಿಖ್ ಮನೆಗಳ ಅಜ್ಜಿಯರು ಪಂಜಾಬಿ, ದಖನಿ, ಕನ್ನಡಗಳಲ್ಲಿ ಹೇಳುವ ಭಾಗೋ ಕಥೆಗಳನ್ನು ಅವರವರ ಮಾತಿನಲ್ಲೇ ಬರೆದುಕೊಳ್ಳಬೇಕು. ಆ ಕೆಲಸಕ್ಕೆ ಹೊರಗಿನವರಿಗಿಂತ, ಶಿಬಿರದಲ್ಲಿ ಗುರುಮುಖಿ ಕಲಿತ, ಶಾಲೆಯಲ್ಲಿ ಕನ್ನಡ ಓದಿದ ಅವರ ಮೊಮ್ಮಕ್ಕಳೇ ತಕ್ಕವರು.