ಹಲ್ಲಿನ ಕುರ್ಚಿಯ ಪಕ್ಕದ ಇನ್ನೊಬ್ಬ ವೈದ್ಯ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಹಲ್ಲುನೋವಿನ ಮದ್ದಿಗೆ ಯಾರೂ ದೂರ ಹೋಗಬೇಕಾಗಿರಲಿಲ್ಲ. ಅಡುಗೆಮನೆಯ ಡಬ್ಬದಲ್ಲಿ ಲವಂಗವಿತ್ತು, ಹಿತ್ತಲಲ್ಲಿ ಅಕ್ಕಲಕರೆಯ ಗಿಡವಿತ್ತು. ಕೊಂಕಣಿಗರು ತಿರ್ಫಳವೆನ್ನುವ ಜುಮ್ಮನಕಾಯಿ ಕಾಡಿನಲ್ಲೇ ಸಿಗುತ್ತಿತ್ತು. ಇವೆಲ್ಲ ನಾಲಿಗೆಗೆ ತಾಗಿದರೆ ಜುಮ್ಮೆನ್ನಿಸಿ ಸ್ವಲ್ಪ ಹೊತ್ತು ಮರಗಟ್ಟಿಸುವ ವಸ್ತುಗಳೇ. ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ಎಂಬ ಅಂಶವನ್ನು ದಂತವೈದ್ಯರು ಇಂದಿಗೂ ಬಳಸುತ್ತಾರೆ. ಆದರೆ ಈ ಮದ್ದುಗಳು ನೋವನ್ನು ಒಂದು ರಾತ್ರಿಯ ಮಟ್ಟಿಗೆ ತಡೆದಾವೇ ಹೊರತು ಹಲ್ಲು ಕೀಳುವ ನೋವನ್ನಲ್ಲ. ಆ ನೋವಿಗೆ ಸಂತೆಯಲ್ಲಿ ಇಕ್ಕಳ ಹಿಡಿದು ಕೂತವನ ಕೈಚಳಕ ಮತ್ತು ರೋಗಿಯ ತಲೆಯನ್ನು ಒತ್ತಿ ಹಿಡಿಯುವ ನೆಂಟರ ತೋಳ್ಬಲ, ಇವೆರಡೇ ಮದ್ದು.

ಒತ್ತಿ ಹಿಡಿಯುವ ಆ ಕೈಗಳ ಜಾಗಕ್ಕೆ ಅರಿವಳಿಕೆ ತಜ್ಞ ಬಂದು ನಿಂತದ್ದು ಹೇಗೆಂಬ ಕಥೆಯನ್ನು ನಾವಿಲ್ಲಿ ಹೇಳಹೊರಟಿದ್ದೇವೆ. ಇದು ಬೋಸ್ಟನ್, ಕಲ್ಕತ್ತ, ಹೈದರಾಬಾದುಗಳ ಮೂಲಕ ಹಾದು ಬರುವ ಕಥೆ. ನಮ್ಮ ಮೂರು ತಾಲೂಕುಗಳ ಮಟ್ಟಿಗೆ ಅದು ಇನ್ನೂ ಮುಗಿದಿಲ್ಲ.

ಹತ್ತನೇ ಶತಮಾನದ ಕೊನೆಯಲ್ಲಿ ಸ್ಪೇನಿನ ಕೊರ್ಡೊಬಾದಲ್ಲಿದ್ದ ಅಬುಲ್ ಕಾಸಿಂ ಅಲ್ ಝಹ್ರಾವಿ ಶಸ್ತ್ರಚಿಕಿತ್ಸೆಯ ಕುರಿತು ಬರೆಯುತ್ತಾ ಹಲ್ಲು ಕೀಳುವುದಕ್ಕೂ ಒಂದು ಅಧ್ಯಾಯ ಮೀಸಲಿಟ್ಟ. ಅವಸರಪಡಬೇಡಿ, ನೋಯುವ ಹಲ್ಲು ಯಾವುದೆಂದು ಮೊದಲು ಖಚಿತಪಡಿಸಿಕೊಳ್ಳಿ, ನೋವು ರೋಗಿಯನ್ನೇ ವಂಚಿಸಿ ಪಕ್ಕದ ಒಳ್ಳೆಯ ಹಲ್ಲನ್ನು ತೋರಿಸುವುದುಂಟು, ಕ್ಷೌರಿಕರ ಕೈಯಲ್ಲಿ ಹೀಗಾಗುವುದನ್ನು ಕಂಡಿದ್ದೇವೆ ಎಂಬುದು ಅವನ ಮಾತಿನ ಸಾರ. ಇಕ್ಕಳ, ಒರೆಯುವ ಸಲಾಕೆಗಳ ಚಿತ್ರವನ್ನೂ ಬರೆದಿಟ್ಟ. ಇಷ್ಟು ಜಾಗರೂಕನಾದ ವೈದ್ಯನಿಗೂ ನೋವನ್ನು ಪೂರ್ತಿ ಇಲ್ಲವಾಗಿಸುವ ದಾರಿ ಗೊತ್ತಿರಲಿಲ್ಲ. ಅದಕ್ಕೆ ಇನ್ನೂ ಎಂಟೂವರೆ ಶತಮಾನ ಕಾಯಬೇಕಾಯಿತು.

ದಾರಿ ಕಂಡವರು ದೊಡ್ಡ ಶಸ್ತ್ರವೈದ್ಯರಲ್ಲ, ಹಲ್ಲಿನ ವೈದ್ಯರು ಎಂಬುದು ಗಮನಾರ್ಹ. 1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ನಗೆಅನಿಲದ ಪ್ರದರ್ಶನವೊಂದು ನಡೆಯಿತು. ದುಡ್ಡು ಕೊಟ್ಟು ಬಂದವರಿಗೆ ಅನಿಲ ಉಸಿರಾಡಿಸಿ, ಅವರು ಕುಣಿಯುವುದನ್ನು ನೋಡಿ ನಗುವ ಮನರಂಜನೆ ಅದು. ಕುಣಿದವರಲ್ಲೊಬ್ಬನ ಕಾಲಿಗೆ ಗಾಯವಾಗಿ ರಕ್ತ ಸುರಿಯುತ್ತಿದ್ದರೂ ಅವನಿಗೆ ಗೊತ್ತೇ ಆಗಲಿಲ್ಲ. ಪ್ರೇಕ್ಷಕರಲ್ಲಿ ಕೂತಿದ್ದ ದಂತವೈದ್ಯ ಹೊರೇಸ್ ವೆಲ್ಸ್ ಇದನ್ನು ಗಮನಿಸಿದ. ಮರುದಿನವೇ ತಾನು ಅನಿಲ ಉಸಿರಾಡಿ, ಜೊತೆಗಾರ ರಿಗ್ಸ್‌ನಿಂದ ತನ್ನದೇ ಹಲ್ಲು ಕೀಳಿಸಿಕೊಂಡ. ನೋವಾಗಲಿಲ್ಲ. ಆದರೆ 1845ರ ಆರಂಭದಲ್ಲಿ ಬೋಸ್ಟನ್‌ನಲ್ಲಿ ಇದನ್ನು ತೋರಿಸಹೋದಾಗ ರೋಗಿ ನಡುವೆ ಕೂಗಿಕೊಂಡ. ನೆರೆದವರು ಮೋಸವೆಂದು ಗೇಲಿ ಮಾಡಿದರು. ಅವನ ಹಳೆಯ ಪಾಲುದಾರ, ದಂತವೈದ್ಯನೇ ಆದ ವಿಲಿಯಂ ಮಾರ್ಟನ್ 1846ರ ಅಕ್ಟೋಬರ್ 16ರಂದು ಅದೇ ಊರಿನಲ್ಲಿ ಈಥರ್ ಕೊಟ್ಟು ನಿಂತ. ಶಸ್ತ್ರವೈದ್ಯ ವಾರನ್ ರೋಗಿಯ ಕತ್ತಿನ ಗಂಟನ್ನು ತೆಗೆದ. ರೋಗಿ ಚೀರಲಿಲ್ಲ.

ಆ ದಿನದ ಮಹತ್ವ ಈಥರಿನದ್ದು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ನಮಗೆ ಕಾಣುವ ಇನ್ನೊಂದು ಸಂಗತಿಯೆಂದರೆ, ಅಂದು ರೋಗಿಯ ಬಳಿ ಇಬ್ಬರಿದ್ದರು. ಒಬ್ಬ ಕೊಯ್ಯುವವ, ಇನ್ನೊಬ್ಬ ಉಸಿರು ನೋಡುವವ. ಹಲ್ಲಿನ ವೈದ್ಯನೊಬ್ಬ ಆಸ್ಪತ್ರೆಗೆ ಕೊಟ್ಟ ಈ ಏರ್ಪಾಡು ಹಲ್ಲಿನ ಕುರ್ಚಿಗೆ ಮಾತ್ರ ಬಹುಕಾಲ ದಕ್ಕಲಿಲ್ಲ. ಅಲ್ಲಿ ಅನಿಲ ಕೊಡುವವನೂ ಅವನೇ, ಇಕ್ಕಳ ಹಿಡಿಯುವವನೂ ಅವನೇ.

ಈಥರ್ ಐದೇ ತಿಂಗಳಲ್ಲಿ ಭಾರತಕ್ಕೆ ಬಂತು. 1847ರ ಮಾರ್ಚ್ 22ರಂದು ಕಲ್ಕತ್ತದ ಮೆಡಿಕಲ್ ಕಾಲೇಜಿನಲ್ಲಿ ಅದರ ಮೊದಲ ಬಳಕೆಯಾಯಿತು. ಅದೇ ವರ್ಷದ ನವೆಂಬರಿನಲ್ಲಿ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರ್ಮನ್ನು ಪ್ರಕಟಿಸಿದ. 1848ರ ಜನವರಿಯಲ್ಲಿ ಅದೂ ಕಲ್ಕತ್ತ ತಲುಪಿತು. ಬೆಂಕಿ ಹತ್ತುವುದಿಲ್ಲ, ಸುವಾಸನೆಯಿದೆ, ಕರವಸ್ತ್ರದ ಮೇಲೆ ನಾಲ್ಕು ಹನಿ ಸಾಕು ಎಂದು ಜನ ಮೆಚ್ಚಿದರು. ಆದರೆ ಅದೇ ಜನವರಿ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳು ಕಾಲ್ಬೆರಳಿನ ಉಗುರು ತೆಗೆಯುವಾಗ ಕ್ಲೋರೋಫಾರ್ಮಿನಿಂದ ಸತ್ತಳು. ಆ ಬಳಿಕ ಹಲ್ಲಿನ ಕುರ್ಚಿಯಲ್ಲೂ ಸಾವುಗಳಾದವು. ನೆಟ್ಟಗೆ ಕೂರಿಸಿ ಕ್ಲೋರೋಫಾರ್ಮ್ ಕೊಡುವುದೇ ಅಪಾಯ ಎಂಬುದು ತಿಳಿಯುವಷ್ಟರಲ್ಲಿ ಕಾಲ ಕಳೆದಿತ್ತು.

ಈ ಸಾವುಗಳ ಕಾರಣ ಹುಡುಕುವ ಕೆಲಸಕ್ಕೆ ಹಣ ಹಾಕಿದ್ದು ಹೈದರಾಬಾದಿನ ನಿಜಾಮ ಸರಕಾರ. ಬೀದರ್, ಕಲಬುರಗಿ, ರಾಯಚೂರುಗಳೂ ಆಗ ಅದೇ ಸಂಸ್ಥಾನದಲ್ಲಿದ್ದವೆಂಬ ಕಾರಣಕ್ಕೆ ಇದು ನಮ್ಮ ನಾಡಿನ ಚರಿತ್ರೆಯೂ ಹೌದು. ಮೀರ್ ಮಹಬೂಬ್ ಅಲಿ ಖಾನರ ಆಳ್ವಿಕೆಯಲ್ಲಿ, ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿಯ ಉತ್ಸಾಹದಿಂದ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ಪ್ರಖ್ಯಾತ ವೈದ್ಯನನ್ನೇ ಕರೆಸಲಾಯಿತು. ನಾನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪ್ರಯೋಗವಾಯಿತು. ಮೊದಲು ನಿಲ್ಲುವುದು ಉಸಿರು, ಹೃದಯವಲ್ಲ. ಆದ್ದರಿಂದ ನಾಡಿಯನ್ನಲ್ಲ, ಉಸಿರನ್ನು ನೋಡಿರಿ ಎಂಬುದು ಲಾರಿಯ ತೀರ್ಮಾನ. ಇದು ಪೂರ್ತಿ ಸರಿಯಾಗಿರಲಿಲ್ಲ. ಕ್ಲೋರೋಫಾರ್ಮ್ ಹೃದಯವನ್ನೇ ನೇರವಾಗಿ ಹೊಡೆಯಬಲ್ಲದೆಂದು 1911ರಲ್ಲಿ ಲೆವಿ ತೋರಿಸಿದ. ಆದರೂ ಲಾರಿಯ ಮಾತಿನ ಅರ್ಧಭಾಗವನ್ನು ನಾವು ಇಂದಿಗೂ ತಳ್ಳಿಹಾಕಲಾರೆವು. ಉಸಿರನ್ನು ನೋಡುವುದಕ್ಕೇ ಒಬ್ಬರು ಬೇಕು, ಅವರಿಗೆ ಬೇರೆ ಕೆಲಸ ಇರಬಾರದು. ಅದೇ ಹೈದರಾಬಾದಿನಲ್ಲಿ ಕಲಿತು ಕ್ಲೋರೋಫಾರ್ಮ್ ಕೊಡುವುದನ್ನೇ ವೃತ್ತಿಯಾಗಿಸಿಕೊಂಡ ಪಾರ್ಸಿ ಮಹಿಳೆ ರೂಪಾಬಾಯಿ ಫರ್ದೂನ್‌ಜಿಯನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆಯೆಂದು ಹಲವರು ಗುರುತಿಸುತ್ತಾರೆ. ನಮ್ಮ ಶಾಲಾ ಪಠ್ಯಗಳಿಗೆ ಈ ಹೆಸರು ಅಪರಿಚಿತ.

ದಂತವೈದ್ಯರು ಮಾತ್ರ ಬೇರೆ ದಾರಿ ಹಿಡಿದರು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನಿನಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿದ. ಸ್ವಲ್ಪ ಕಾಲದಲ್ಲೇ ಅಮೆರಿಕದ ಹಾಲ್‌ಸ್ಟೆಡ್ ಕೆಳದವಡೆಯ ನರಕ್ಕೆ ಅದನ್ನು ಚುಚ್ಚಿದ. ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ವ್ಯಸನಿಯೂ ಆದ. 1905ರ ಹೊತ್ತಿಗೆ ವ್ಯಸನ ಹಿಡಿಸದ ನೊವೊಕೇನ್ ಬಂತು. 1943ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ರೂಪಿಸಿದ ಲಿಗ್ನೋಕೇನ್ ಐದು ವರ್ಷಗಳ ಬಳಿಕ ಝೈಲೋಕೇನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇಂದು ಯಲ್ಲಾಪುರದಲ್ಲಾಗಲಿ ಸಿದ್ದಾಪುರದಲ್ಲಾಗಲಿ ಹಲ್ಲು ಕೀಳಿಸಿಕೊಂಡು ಅರ್ಧ ತುಟಿ ಜೋತುಬಿಟ್ಟುಕೊಂಡು ಬಸ್ಸು ಹತ್ತುವವರು ಈ ಸ್ವೀಡನ್ನಿನ ಔಷಧಕ್ಕೇ ಋಣಿ. ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚು ಮಂದಿಗೆ ಈ ಸೂಜಿಯೇ ಸಾಕು ಎಂದರೆ ಉತ್ಪ್ರೇಕ್ಷೆಯಾಗಲಾರದು.

ಭಾರತದಲ್ಲಿ ಈ ವೃತ್ತಿಗೆ ಶಾಸ್ತ್ರೀಯ ನೆಲೆ ಒದಗಿಸಿದವರು ಡಾ. ರಫೀಉದ್ದೀನ್ ಅಹ್ಮದ್. ಬಂಗಾಳದ ಈ ಯುವಕ ಅಮೆರಿಕದ ಅಯೋವಾದಲ್ಲಿ ಓದಿ, ಬೋಸ್ಟನ್ನಿನ ಮಕ್ಕಳ ದಂತ ಆಸ್ಪತ್ರೆಯಲ್ಲಿ ದುಡಿದು, 1920ರಲ್ಲಿ ಕಲ್ಕತ್ತದಲ್ಲಿ ದೇಶದ ಮೊದಲ ದಂತ ಕಾಲೇಜನ್ನು ಸ್ವಂತ ಹಣದಿಂದ ಆರಂಭಿಸಿದರು. ಪತ್ರಿಕೆ ನಡೆಸಿದರು, ಪಠ್ಯಪುಸ್ತಕ ಬರೆದರು, 1949ರಲ್ಲಿ ಕಾಲೇಜನ್ನು ಸರಕಾರಕ್ಕೆ ಒಪ್ಪಿಸಿಬಿಟ್ಟರು. 1964ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಅವರು ಹಾಕಿದ ಅಡಿಪಾಯದ ಮೇಲೆಯೇ 1948ರ ದಂತವೈದ್ಯರ ಕಾಯಿದೆ ಬಂತು. ನಮ್ಮ ರಾಜ್ಯದಲ್ಲಿ 1958ರಲ್ಲಿ ಬೆಂಗಳೂರಿನ ಸರಕಾರಿ ದಂತ ಕಾಲೇಜು, 1965ರಲ್ಲಿ ಮಣಿಪಾಲದ್ದು, 1986ರಲ್ಲಿ ಧಾರವಾಡದ ಎಸ್‌ಡಿಎಂ ಕಾಲೇಜು ತೆರೆದವು. ಘಟ್ಟದ ಮೇಲಿನ ನಮ್ಮ ಪಟ್ಟಣಗಳಿಗೆ ಪದವೀಧರ ದಂತವೈದ್ಯರು ಬಂದದ್ದು ಇಂಥ ಕಾಲೇಜುಗಳಿಂದ.

ಹಾಗಾದರೆ ಅರಿವಳಿಕೆ ತಜ್ಞರು ಯಾಕೆ ಬೇಕು? ಸೂಜಿ ಸಾಲದ ಆ ಕೆಲವರಿಗಾಗಿ. ನಾಲ್ಕು ವರ್ಷದ ಮಗುವಿನ ಎಂಟು ಹಲ್ಲು ಒಟ್ಟಿಗೆ ಹುಳುಕಾಗಿರುತ್ತದೆ, ಅದು ಬಾಯಿ ತೆರೆಯಲೊಲ್ಲದು. ಬುದ್ಧಿಮಾಂದ್ಯ ಯುವಕನಿಗೆ ಕುರ್ಚಿಯಲ್ಲಿ ಕೂರುವುದೇ ಭಯ. ಅಪಘಾತದಲ್ಲಿ ದವಡೆ ಮುರಿದವರು, ಕೀವು ಗಂಟಲಿಗಿಳಿದು ಕತ್ತು ಊದಿದವರು ಬೇರೆ.

ಇನ್ನೊಂದು ಗುಂಪು ನಮ್ಮ ಸೀಮೆಯದ್ದೇ. ಇದು ಅಡಿಕೆಯ ನಾಡು. ಕವಳ ಹಾಕದೆ ಮಾತೇ ಶುರುವಾಗದು. ಅಡಿಕೆಯ ಜಗಿತ ಬಾಯಿಯ ಒಳಪೊರೆಯನ್ನು ನಿಧಾನವಾಗಿ ನಾರುಗಟ್ಟಿಸುವ ರೋಗವನ್ನು 1952ರಲ್ಲಿ ಕೀನ್ಯಾದ ಭಾರತೀಯ ಮಹಿಳೆಯರಲ್ಲಿ ಶ್ವಾರ್ಟ್ಸ್ ಎಂಬವರು ವರ್ಣಿಸಿದರು, 1953ರಲ್ಲಿ ಮುಂಬಯಿಯ ಜೋಶಿಯವರು ಅದಕ್ಕೆ ಹೆಸರಿಟ್ಟರು. 2003ರಲ್ಲಿ ವಿಶ್ವಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ತಜ್ಞರು ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ತೀರ್ಮಾನಿಸಿದರು. ಬೆಳೆಗಾರರಿಗೆ ಇದು ಹಿತವಾದ ಸುದ್ದಿಯಲ್ಲ, ಆದರೆ ಮುಚ್ಚಿಡುವಂಥದ್ದೂ ಅಲ್ಲ. ಗುಟ್ಕಾ ಬಂದ ಮೇಲೆ ಹದಿಹರೆಯದವರ ಬಾಯಿಗಳೂ ಬಿಗಿದವು. ರಾಜ್ಯದಲ್ಲಿ ಅದರ ನಿಷೇಧವಾದದ್ದು 2013ರಲ್ಲಿ. ರೋಗ ಬಲಿತವರ ಬಾಯಿಗೆ ಒಂದು ಬೆರಳು ತೂರುವುದೂ ಕಷ್ಟ. ಅಂಥವರಿಗೆ ಪೂರ್ಣ ಅರಿವಳಿಕೆ ಕೊಡಬೇಕೆಂದರೆ ಉಸಿರಿನ ಕೊಳವೆಯನ್ನು ಬಾಯಿಯಿಂದ ಇಳಿಸುವಂತಿಲ್ಲ. ರೋಗಿ ಎಚ್ಚರವಿರುವಾಗಲೇ ಮೂಗಿನ ಮೂಲಕ, ಬೆಳಕಿನ ತಂತು ಇರುವ ಸಣ್ಣ ದರ್ಶಕದ ಸಹಾಯದಿಂದ ಇಳಿಸಬೇಕು. ಪಳಗಿದ ತಜ್ಞರನ್ನೂ ಬೆವರಿಳಿಸುವ ಕೆಲಸವಿದು. ಎಲ್ಲ ಪಟ್ಟಣಗಳಲ್ಲೂ ಆ ಉಪಕರಣ ಸಿಗದು.

ಬಾಯಿ ಬಿಗಿಯದವರಲ್ಲೂ ತೊಡಕಿದೆ. ಬೇರೆ ಶಸ್ತ್ರಚಿಕಿತ್ಸೆಗಳಲ್ಲಿ ಕೊಯ್ಯುವ ಜಾಗ ಒಂದು, ಉಸಿರಿನ ದಾರಿ ಇನ್ನೊಂದು. ಹಲ್ಲಿನ ಕೆಲಸದಲ್ಲಿ ಇಬ್ಬರು ವೈದ್ಯರಿಗೂ ಒಂದೇ ಬಾಯಿ. ಕೊರೆಯುವಾಗಿನ ನೀರು, ರಕ್ತ, ಮುರಿದ ಹಲ್ಲಿನ ಚೂರು ಎಲ್ಲವೂ ಶ್ವಾಸಕೋಶದ ದಿಕ್ಕಿಗೇ ಜಾರುತ್ತವೆ. ತಡೆಯಲು ಗಂಟಲಿಗೆ ಬಟ್ಟೆ ತುರುಕುತ್ತಾರೆ. ಕೊನೆಗೆ ಅದನ್ನು ತೆಗೆಯಲು ಮರೆತರೆ ಆ ಬಟ್ಟೆಯೇ ಉಸಿರು ಕಟ್ಟಿಸುತ್ತದೆ. ಆದ್ದರಿಂದ ತುರುಕಿದ್ದನ್ನೂ ತೆಗೆದದ್ದನ್ನೂ ಗಟ್ಟಿಯಾಗಿ ಹೇಳಿ ಬರೆದಿಡುವ ರೂಢಿ ಇದೆ.

ಇಂಗ್ಲೆಂಡಿನ ಅನುಭವ ಇಲ್ಲಿ ಉಪಯುಕ್ತ. ಅಲ್ಲಿ ಬೀದಿಬದಿಯ ದಂತ ಚಿಕಿತ್ಸಾಲಯಗಳಲ್ಲಿ ಪೂರ್ಣ ಅರಿವಳಿಕೆ ಕೊಡುವುದು ಇಪ್ಪತ್ತನೆಯ ಶತಮಾನದುದ್ದಕ್ಕೂ ಸಾಮಾನ್ಯವಾಗಿತ್ತು. ಮಕ್ಕಳು ಸಾಯುತ್ತಾ ಬಂದರು. 1998ರಲ್ಲಿ ತರಬೇತಾದ ಅರಿವಳಿಕೆ ವೈದ್ಯರೇ ಕೊಡಬೇಕೆಂದು ನಿಯಮ ಬಿಗಿಯಾಯಿತು. 2001ರ ಕೊನೆಗೆ ಚಿಕಿತ್ಸಾಲಯಗಳಲ್ಲಿ ಅದು ನಿಂತೇಹೋಗಿ, ತುರ್ತು ನಿಗಾ ವ್ಯವಸ್ಥೆಯಿರುವ ಆಸ್ಪತ್ರೆಗೆ ಸೀಮಿತವಾಯಿತು. ಅಮೆರಿಕದಲ್ಲಿ ದವಡೆಯ ಶಸ್ತ್ರವೈದ್ಯರು ತಾವೇ ಅರಿವಳಿಕೆ ನಡೆಸುವ ಪದ್ಧತಿ ಉಳಿದುಬಂದಿದೆ. ಆದರೆ ಮಕ್ಕಳಿಗೆ ದಂತ ಚಿಕಿತ್ಸಾಲಯದಲ್ಲಿ ಆಳವಾದ ಅರಿವಳಿಕೆ ಕೊಡುವಾಗ ಅದಕ್ಕೆಂದೇ ಪ್ರತ್ಯೇಕ ತಜ್ಞರಿರಬೇಕೆಂದು ಅಲ್ಲಿನ ಮಕ್ಕಳ ವೈದ್ಯರ ಮತ್ತು ಮಕ್ಕಳ ದಂತವೈದ್ಯರ ಸಂಘಗಳು 2019ರಲ್ಲಿ ಹೇಳಿದವು. ಮಾರ್ಟನ್ 1846ರಲ್ಲಿ ನಿಂತ ಜಾಗಕ್ಕೇ ಅವರೂ ಬಂದು ನಿಂತರೆನ್ನಬಹುದು.

ನಮ್ಮಲ್ಲಿ ಸಣ್ಣ ಪಟ್ಟಣದ ಅರಿವಳಿಕೆ ತಜ್ಞರೆಂದರೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಓಡುವವರು. ಬೆಳಿಗ್ಗೆ ಹೆರಿಗೆಯ ಶಸ್ತ್ರಚಿಕಿತ್ಸೆ, ಮಧ್ಯಾಹ್ನ ಮೂಳೆಯದ್ದು, ರಾತ್ರಿ ಮತ್ತೆ ಹೆರಿಗೆ. ತಜ್ಞರ ಕೊರತೆಯಿಂದಾಗಿಯೇ ಎಂಬಿಬಿಎಸ್ ವೈದ್ಯರಿಗೆ ಹದಿನೆಂಟು ವಾರ ತರಬೇತಿ ಕೊಟ್ಟು ತುರ್ತು ಹೆರಿಗೆಗಳಿಗೆ ಸಜ್ಜುಗೊಳಿಸುವ ಕಾರ್ಯಕ್ರಮವನ್ನು ಸರಕಾರ ಆರಂಭಿಸಬೇಕಾಯಿತು. ಈ ಸಾಲಿನಲ್ಲಿ ಹಲ್ಲಿನ ರೋಗಿಗೆ ಕೊನೆಯ ಸ್ಥಾನ ಸಿಗುವುದು ಸಹಜ. ತಾಯಿಯ ಜೀವವೇ ಮೊದಲು ಎಂಬುದರಲ್ಲಿ ತಕರಾರಿಲ್ಲ. ಆದರೆ ಜಿಲ್ಲೆಯಲ್ಲಿ ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಉತ್ತರ ಕನ್ನಡದ ಜನ ಬೀದಿಗಿಳಿದಾಗ, ಶಿರೂರಿನ ಟೋಲ್‌ನಲ್ಲಿ ಉರುಳಿದ ಆಂಬುಲೆನ್ಸಿನ ಚಿತ್ರ ಎಲ್ಲರ ಮನಸ್ಸಿನಲ್ಲಿತ್ತು. ಜಿಲ್ಲೆಯ ರೋಗಿಗಳು ಹೆದ್ದಾರಿಯ ಮೇಲೆಯೇ ಅರ್ಧ ಆಯುಷ್ಯ ಕಳೆಯುವುದು ಹಲ್ಲಿನ ವಿಷಯದಲ್ಲೂ ನಿಜ.

ಕುರ್ಚಿಯ ಬಳಿಗೆ ತಜ್ಞರನ್ನು ಕರೆಸುವುದೋ, ಆಸ್ಪತ್ರೆಗೆ ರೋಗಿಯನ್ನು ಒಯ್ಯುವುದೋ? ಪೂರ್ಣ ಅರಿವಳಿಕೆಗೆ ಎರಡನೆಯದೇ ಲೇಸೆಂದು ನಮ್ಮ ಅಭಿಪ್ರಾಯ. ಆಮ್ಲಜನಕ, ಹೀರುವ ಯಂತ್ರ, ಬೆರಳಿಗೆ ಸಿಕ್ಕಿಸುವ ಮಾಪಕ, ಹೃದಯ ನಿಂತರೆ ಬೇಕಾಗುವ ಔಷಧಗಳು, ಇವೆಲ್ಲ ಆಪರೇಷನ್ ಥಿಯೇಟರಿನಲ್ಲಿ ಮೊದಲೇ ಇರುತ್ತವೆ. ದಂತವೈದ್ಯರು ತಮ್ಮ ಕೊರೆಯುವ ಯಂತ್ರವನ್ನು ಹೊತ್ತುಕೊಂಡು ಅಲ್ಲಿಗೆ ಹೋಗುವುದು, ತಜ್ಞರು ಸಿಲಿಂಡರ್ ಹೊತ್ತುಕೊಂಡು ಇಲ್ಲಿಗೆ ಬರುವುದಕ್ಕಿಂತ ಹಗುರ. ಅದಕ್ಕೆ ಬೇಕಾದದ್ದು ಶಸ್ತ್ರಚಿಕಿತ್ಸೆಗಳಿಲ್ಲದ ಒಂದು ಬೆಳಿಗ್ಗೆ, ಅದನ್ನು ಹಲ್ಲಿನ ರೋಗಿಗಳಿಗೆಂದು ಬಿಟ್ಟುಕೊಡುವ ಆಸ್ಪತ್ರೆ, ಮತ್ತು ಹಿಂದಿನ ಸಂಜೆಯೇ ಮಗುವನ್ನು ಪರೀಕ್ಷಿಸಿ, ಬೆಳಿಗ್ಗೆ ಹಾಲು ಕುಡಿಸಬೇಡಿ ಎಂದು ತಾಯಿಗೆ ಬಿಡಿಸಿ ಹೇಳುವ ಒಬ್ಬ ವೈದ್ಯ. ಹೀಗೆ ಹೊಂದಿಸಿಕೊಂಡ ಕಡೆ ಬನವಾಸಿಯ ಹಳ್ಳಿಯಿಂದ ಬಂದ ಮಗು ಸಂಜೆಯ ಬಸ್ಸಿಗೆ ಮನೆ ಸೇರಬಲ್ಲದು. ಹೊಂದಿಕೆಯಾಗದ ಕಡೆ ಶಿರಸಿಯಿಂದ ಸುಮಾರು ನೂರು ಕಿಲೋಮೀಟರ್, ಯಲ್ಲಾಪುರದಿಂದ ಎಪ್ಪತ್ತು ಕಿಲೋಮೀಟರ್ ದೂರದ ಹುಬ್ಬಳ್ಳಿಯ ದಾರಿ. ಸಿದ್ದಾಪುರದವರಿಗೆ ಸಾಗರ ದಾಟಿ ಶಿವಮೊಗ್ಗ. ಖಾಲಿ ಹೊಟ್ಟೆಯ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆಳಗಿನ ಜಾವದ ಮೊದಲ ಬಸ್ಸು ಹತ್ತಬೇಕು.