ಎಂಜಿನ್ ದೋಷಸಂಕೇತಗಳು: ಹಳೆಯ ನಾಲ್ಕು ಸಿಲಿಂಡರ್ ಕಾರುಗಳಲ್ಲಿ ದೋಷ ಪತ್ತೆಯ ಚರಿತ್ರೆ

ಕಾರಿನ ಎಂಜಿನ್ನನ್ನು ನಡೆಸುವ ಇಸಿಯು, ಅಂದರೆ ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆ, ತನಗೆ ಬರುವ ವಿದ್ಯುತ್ ಸೂಚನೆಗಳಲ್ಲಿ ಏರುಪೇರು ಕಂಡರೆ ಒಂದು ಸಂಖ್ಯೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಅದೇ ದೋಷಸಂಕೇತ, ಗ್ಯಾರೇಜಿನ ಮಾತಿನಲ್ಲಿ ಟ್ರಬಲ್ ಕೋಡ್, ಅಥವಾ ಬರೀ ಕೋಡ್. ಇದರ ಚರಿತ್ರೆ ಹೇಳುವವರು ಸಾಮಾನ್ಯವಾಗಿ 1968ರ ಫೋಕ್ಸ್‌ವ್ಯಾಗನ್‌ನಿಂದ ಹೊರಟು, ಅಮೆರಿಕದಲ್ಲಿ ಏಕರೂಪ ನಿಯಮ ಕಡ್ಡಾಯವಾದ 1996ಕ್ಕೆ ನೆಗೆಯುತ್ತಾರೆ. ನಡುವೆ 1980ರಿಂದ 1995ರವರೆಗಿನ ದೀಪದ ಮಿನುಗಿನಿಂದ ಓದುತ್ತಿದ್ದ ಕೋಡುಗಳ ಕಾಲಕ್ಕೆ ಸಿಗುವುದು ಒಂದೆರಡು ಸಾಲು. ಆದರೆ ಕೋಡ್ ಎಂದರೇನು, ಅದು ಯಾವುದನ್ನು ಹೇಳಬಲ್ಲದು, ಯಾವುದನ್ನು ಹೇಳಲಾರದು ಎಂಬುದು ನಿಶ್ಚಯವಾದದ್ದು ಆ ಹದಿನೈದು ವರ್ಷಗಳಲ್ಲೇ. ಕೋಡ್ ಕೆಟ್ಟ ಬಿಡಿಭಾಗದ ಹೆಸರನ್ನು ಹೇಳುತ್ತದೆ ಎಂಬ ತಪ್ಪು ತಿಳಿವಳಿಕೆ ಬೇರೂರಿದ್ದೂ ಆಗಲೇ. ಹಾಗಾಗಿ ಈ ಲೇಖನ ಆ ಕಾಲಕ್ಕೇ ಹೆಚ್ಚು ಜಾಗ ಕೊಡುತ್ತದೆ.

ಮೊದಲು ಆರಂಭದ ಗೊಂದಲ. 1968ರ ಫೋಕ್ಸ್‌ವ್ಯಾಗನ್ ಟೈಪ್ 3 ಕಾರಿನ ನಾಲ್ಕು ಸಿಲಿಂಡರ್ ಎಂಜಿನ್ನಿಗೆ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ಇಂಧನ ವ್ಯವಸ್ಥೆ ಇತ್ತು. ಇದನ್ನೇ ಸ್ವಯಂ ದೋಷ ಪತ್ತೆಯ ಮೊದಲ ಕಾರು ಎನ್ನುವವರಿದ್ದಾರೆ. ಆದರೆ ಅದರ ನಿಯಂತ್ರಣ ಪೆಟ್ಟಿಗೆಯೊಳಗೆ ಇದ್ದದ್ದು ಟ್ರಾನ್ಸಿಸ್ಟರುಗಳ ಅನಲಾಗ್ ಮಂಡಲ. ಅದಕ್ಕೆ ನೆನಪೂ ಇರಲಿಲ್ಲ, ದೋಷವನ್ನು ಗುರುತಿಟ್ಟುಕೊಳ್ಳುವ ದಾರಿಯೂ ಇರಲಿಲ್ಲ. 1971ರಿಂದ ಫೋಕ್ಸ್‌ವ್ಯಾಗನ್ ಕಾರುಗಳಿಗೆ ಬಂದ ಕೇಂದ್ರ ಪರೀಕ್ಷಾ ಸಾಕೆಟ್ಟೂ ಕೋಡ್ ಕೊಡುತ್ತಿರಲಿಲ್ಲ. ವರ್ಕ್‌ಶಾಪಿನ ಯಂತ್ರವೊಂದು ಅದರ ಮೂಲಕ ಬ್ಯಾಟರಿ, ಇಗ್ನಿಷನ್ ಮುಂತಾದವನ್ನು ಅಳೆಯುತ್ತಿತ್ತು, ಅಷ್ಟೆ. ಇನ್ನೊಂದು ಗೊಂದಲ ಲ್ಯಾಂಬ್ಡಾ ದೀಪದ್ದು. ಬಾಷ್‌ನ ಲ್ಯಾಂಬ್ಡಾ ಎಂಬ ಆಮ್ಲಜನಕ ಸೆನ್ಸರ್ 1976ರಲ್ಲಿ ಕ್ಯಾಲಿಫೋರ್ನಿಯಾಕ್ಕೆಂದು ತಯಾರಾದ ವೋಲ್ವೊ ಕಾರುಗಳಲ್ಲಿ ಮೊದಲು ಬಂತು. ಆ ಕಾಲದ ಹಲವು ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಸೆನ್ಸರಿನ ಹೆಸರಿನದೇ ಒಂದು ದೀಪ ಹತ್ತುತ್ತಿತ್ತು. ಅದನ್ನು ಹತ್ತಿಸುತ್ತಿದ್ದದ್ದು ಮೈಲಿ ಎಣಿಸುವ ಪುಟ್ಟ ಸಾಧನ. ಸೆನ್ಸರ್ ಚೆನ್ನಾಗಿದ್ದರೂ ನಿಗದಿತ ದೂರ ಮುಗಿದೊಡನೆ ದೀಪ ಹತ್ತಲೇಬೇಕು. ಇದನ್ನು ದೋಷಸೂಚಕಗಳ ಪಟ್ಟಿಗೆ ಸೇರಿಸುವುದು ಸರಿಯಲ್ಲ.

ನಿಜವಾದ ಆರಂಭ ಜನರಲ್ ಮೋಟಾರ್ಸ್‌ನದು. 1980ರಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಮಾದರಿಗಳಲ್ಲಿ, 1981ರಲ್ಲಿ ಅಮೆರಿಕದುದ್ದಕ್ಕೂ ಅದು ಡಿಜಿಟಲ್ ನಿಯಂತ್ರಣ ತಂದಿತು. ಜೊತೆಗೇ ‘ಚೆಕ್ ಎಂಜಿನ್’ ದೀಪವೂ ಬಂತು. ಪಾಂಟಿಯಾಕ್‌ನ 2.5 ಲೀಟರ್ ನಾಲ್ಕು ಸಿಲಿಂಡರ್ ಎಂಜಿನ್ನಿನ ಕಾರಿನಲ್ಲಿ ಕೋಡ್ ಓದಲು ಒಂದು ತಂತಿ ತುಂಡು ಸಾಕಿತ್ತು. ಡ್ಯಾಶ್‌ಬೋರ್ಡಿನ ಕೆಳಗಿನ 12 ಪಿನ್ ಸಾಕೆಟ್ಟಿನ ಎ ಮತ್ತು ಬಿ ತುದಿಗಳನ್ನು ಆ ತಂತಿಯಿಂದ ಸೇರಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ತಿರುಗಿಸಿದರೆ ದೀಪ ಒಮ್ಮೆ ಮಿನುಗಿ, ತಡೆದು, ಮತ್ತೆ ಎರಡು ಸಲ ಮಿನುಗುತ್ತಿತ್ತು. ಅದು 12. ಹೀಗೆ ಮೂರು ಬಾರಿ 12 ತೋರಿಸಿದ ಮೇಲೆ ನೆನಪಿನಲ್ಲಿದ್ದ ಕೋಡುಗಳು ಒಂದೊಂದೂ ಮೂರು ಮೂರು ಬಾರಿ ಬರುತ್ತಿದ್ದವು. ಕ್ರೈಸ್ಲರ್ ಕಾರುಗಳಲ್ಲಿ ತಂತಿಯೂ ಬೇಕಿರಲಿಲ್ಲ. ಕೀಯನ್ನು ಐದು ಸೆಕೆಂಡಿನೊಳಗೆ ಆನ್, ಆಫ್, ಆನ್, ಆಫ್, ಆನ್ ಮಾಡಿದರೆ ದೀಪ ಎಣಿಸಲು ತೊಡಗಿ 55ಕ್ಕೆ ಮುಗಿಸುತ್ತಿತ್ತು. ಫೋರ್ಡ್‌ನಲ್ಲಿ ಮುಳ್ಳಿನ ವೋಲ್ಟ್‌ಮೀಟರ್ ಜೋಡಿಸಿ ಮುಳ್ಳು ಎಷ್ಟು ಸಲ ಓಲಾಡಿತೆಂದು ಲೆಕ್ಕ ಹಿಡಿಯಬೇಕಿತ್ತು. ಹೊಂಡಾದ ಹಲವು ಮಾದರಿಗಳಲ್ಲಿ ಕಾರ್ಪೆಟ್ ಎತ್ತಿ ಇಸಿಯು ಮೇಲಿನ ಪುಟ್ಟ ಕೆಂಪು ದೀಪ ನೋಡಬೇಕಿತ್ತು. 1989ರ ಮಾದರಿಯಿಂದ ವೋಲ್ವೊ 240ರ ಬಾನೆಟ್ಟಿನೊಳಗೆ ಒಂದು ಗುಂಡಿ, ಒಂದು ದೀಪ, ಒಂದು ತಂತಿ ಇದ್ದ ಕಪ್ಪು ಪೆಟ್ಟಿಗೆ ಬಂತು. ಅದರಲ್ಲಿ 1-1-1 ಎಂದರೆ ದೋಷವಿಲ್ಲ.

ಈ ವೈವಿಧ್ಯದ ತೊಡಕು ಎಷ್ಟಿತ್ತೆಂದು ತಿಳಿಯಲು 12 ಎಂಬ ಒಂದೇ ಸಂಖ್ಯೆ ಸಾಕು. ಜನರಲ್ ಮೋಟಾರ್ಸ್‌ನಲ್ಲಿ ಅದು ಎಂಜಿನ್ ತಿರುಗುತ್ತಿಲ್ಲ, ಪರೀಕ್ಷಾ ವ್ಯವಸ್ಥೆ ಸರಿಯಿದೆ ಎಂಬ ಸೂಚನೆ. ಸುಜುಕಿಯಲ್ಲಿ ಎಲ್ಲವೂ ಸರಿ ಎಂದರ್ಥ. ಕ್ರೈಸ್ಲರ್‌ನಲ್ಲಿ ಈಚೆಗೆ ಬ್ಯಾಟರಿ ಕಳಚಲಾಗಿತ್ತು ಎಂಬ ಟಿಪ್ಪಣಿ. ಟೊಯೊಟಾದಲ್ಲಿ ಎಂಜಿನ್ ವೇಗದ ಸೂಚನೆ ಬರುತ್ತಿಲ್ಲವೆಂಬ ದೂರು. ಹೊಂಡಾದಲ್ಲಿ ಹೊಗೆ ಮರುಬಳಕೆಯ ಇಜಿಆರ್ ವ್ಯವಸ್ಥೆಯ ದೂರು. ಇವುಗಳಲ್ಲಿ ಮೂರು ದೋಷವೇ ಅಲ್ಲ. ಒಂದು ಕಂಪನಿಯ ಪಟ್ಟಿ ಹಿಡಿದು ಇನ್ನೊಂದರ ಕಾರು ನೋಡಿದವರು ಚೆನ್ನಾಗಿರುವ ಭಾಗವನ್ನು ಬಿಚ್ಚುವುದು ಖಚಿತ.

ಇದಕ್ಕಿಂತ ಆಳದ ಪ್ರಶ್ನೆ, ಸರಿಯಾದ ಪಟ್ಟಿಯೇ ಕೈಯಲ್ಲಿದ್ದರೂ ಕೋಡ್ ಏನು ಹೇಳುತ್ತದೆ ಎಂಬುದು. ಜನರಲ್ ಮೋಟಾರ್ಸ್‌ನ 44 ಎಂದರೆ ಸೈಲೆನ್ಸರಿನತ್ತ ಹೋಗುವ ಹೊಗೆಯಲ್ಲಿ ಆಮ್ಲಜನಕ ಹೆಚ್ಚು, ಅಂದರೆ ಪೆಟ್ರೋಲ್ ಕಡಿಮೆ. ಆಮ್ಲಜನಕ ಸೆನ್ಸರ್ ಕಾದ ಮೇಲೆ ಸುಮಾರು 0.1ರಿಂದ 0.9 ವೋಲ್ಟ್ ಹುಟ್ಟಿಸುತ್ತದೆ, ಅದು ಕೆಳಮಟ್ಟದಲ್ಲೇ ಉಳಿದುಬಿಟ್ಟರೆ ಇಸಿಯು ಈ ತೀರ್ಮಾನಕ್ಕೆ ಬರುತ್ತದೆ. ಈಗ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ, ಸೆನ್ಸರಿಗಿಂತ ಮೊದಲು, ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ ಎನ್ನೋಣ. ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಪ್ರತಿ 180 ಡಿಗ್ರಿಗೊಮ್ಮೆ ಹೊಗೆಯ ಒತ್ತಡದ ಅಲೆ ಹೋಗುತ್ತದೆ. ಎರಡು ಅಲೆಗಳ ನಡುವೆ ಒತ್ತಡ ಕುಸಿದಾಗ ಬಿರುಕಿನಿಂದ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಸೆನ್ಸರ್ ಆ ಗಾಳಿಯನ್ನು ಪ್ರಾಮಾಣಿಕವಾಗಿಯೇ ವರದಿ ಮಾಡುತ್ತದೆ, ಇಸಿಯು ಅದನ್ನು ನಂಬಿ ಪೆಟ್ರೋಲ್ ಏರಿಸುತ್ತದೆ. ಕೊನೆಗೆ ಕೋಡ್ ಪೆಟ್ರೋಲ್ ಕಡಿಮೆ ಎನ್ನುತ್ತಿರುವಾಗ ಸ್ಪಾರ್ಕ್ ಪ್ಲಗ್ಗುಗಳು ಹೆಚ್ಚಿನ ಪೆಟ್ರೋಲಿನಿಂದ ಮಸಿ ಹಿಡಿದು ಕೂತಿರುತ್ತವೆ. ಇಲ್ಲಿ ಸೆನ್ಸರ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಕೋಡೇ ಬಾರದ ದೋಷಗಳೂ ಇವೆ. ಜನರಲ್ ಮೋಟಾರ್ಸ್‌ನದೇ ಕೂಲೆಂಟ್ ತಾಪಮಾನ ಸೆನ್ಸರಿನ ರೋಧ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 3,400 ಓಮ್, 100 ಡಿಗ್ರಿಯಲ್ಲಿ ಸುಮಾರು 180 ಓಮ್. ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿದು ಇನ್ನೊಂದು ಒಂದೂವರೆ ಸಾವಿರ ಓಮ್ ಸೇರಿಕೊಂಡರೆ, ಕುದಿಯುವಷ್ಟು ಬಿಸಿಯಾದ ಎಂಜಿನ್ 40 ಡಿಗ್ರಿಯ ಆಸುಪಾಸಿನಲ್ಲಿದೆ ಎಂದು ಇಸಿಯು ಭಾವಿಸುತ್ತದೆ. ತಂತಿ ತುಂಡಾಗಿದ್ದರೆ ಕೋಡ್ 15 ಬರುತ್ತಿತ್ತು. 40 ಡಿಗ್ರಿ ಎಂಬುದು ನಂಬಲು ಯೋಗ್ಯವಾದ ಅಂಕಿಯಾದ್ದರಿಂದ ದೀಪ ಹತ್ತುವುದಿಲ್ಲ, ಪೆಟ್ರೋಲ್ ಮಾತ್ರ ಹೆಚ್ಚು ಸುಡುತ್ತದೆ. ಆ ಕಾಲದ ಇಸಿಯು ನೋಡುತ್ತಿದ್ದದ್ದು ವಿದ್ಯುತ್ ಮಂಡಲ ಮಿತಿಯೊಳಗಿದೆಯೇ ಎಂಬುದನ್ನು. ಎಂಜಿನ್ನಿನ ಆರೋಗ್ಯವನ್ನು ಊಹಿಸುವ ಕೆಲಸ ಮೆಕ್ಯಾನಿಕ್‌ನದೇ ಆಗಿತ್ತು.

ಕಾನೂನು ಬಂದದ್ದು ವಾಯುಮಾಲಿನ್ಯದ ದಾರಿಯಿಂದ. ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ 1985ರಲ್ಲಿ ಒಪ್ಪಿದ ನಿಯಮ 1988ರ ಮಾದರಿಗಳಿಂದ ಅನ್ವಯವಾಯಿತು. ಅದು ದೀಪವನ್ನೂ ಕೋಡನ್ನೂ ಕಡ್ಡಾಯ ಮಾಡಿತೇ ಹೊರತು ಸಾಕೆಟ್ಟಿಗೆ, ಸಂಖ್ಯೆಗಳಿಗೆ ಏಕರೂಪ ತರಲಿಲ್ಲ. ಏಕರೂಪ ಬಂದದ್ದು ಒಬಿಡಿ-2 (ಒಬಿಡಿ ಎಂದರೆ ಆನ್-ಬೋರ್ಡ್ ಡಯಾಗ್ನಾಸ್ಟಿಕ್ಸ್, ಕಾರಿನೊಳಗಿನ ದೋಷ ಪತ್ತೆ) ಎಂಬ ಎರಡನೆಯ ನಿಯಮದಿಂದ. 1994ರಿಂದ ಹಂತಹಂತವಾಗಿ ಜಾರಿಗೆ ಬಂದು 1996ರಲ್ಲಿ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಅನ್ವಯಿಸಿತು. 16 ಪಿನ್ ಸಾಕೆಟ್, ಪಿ0171ರಂಥ ಐದಕ್ಷರದ ಕೋಡ್ ಇವೆಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿ. ಅಷ್ಟಾಗಿ ಗಮನಕ್ಕೆ ಬಾರದ ಬದಲಾವಣೆಯೇ ದೊಡ್ಡದು: ಇಸಿಯು ಮಂಡಲವನ್ನು ದಾಟಿ ಎಂಜಿನ್ನಿನ ಕೆಲಸವನ್ನೇ ಪರೀಕ್ಷಿಸತೊಡಗಿತು. ಕ್ರ್ಯಾಂಕ್‌ಶಾಫ್ಟ್ ಯಾವ ಗಳಿಗೆಯಲ್ಲಿ ತುಸು ನಿಧಾನವಾಯಿತೆಂದು ನೋಡಿ, ಮಿಸ್ಸಿಂಗ್ ಆಗುತ್ತಿರುವ ಸಿಲಿಂಡರನ್ನು ಪಿ0301ರಿಂದ ಪಿ0304ರವರೆಗಿನ ಕೋಡುಗಳಿಂದ ತೋರಿಸಿತು. ಕೋಡ್ ದಾಖಲಾದ ಕ್ಷಣದ ವೇಗ, ಹೊರೆ, ತಾಪಮಾನವನ್ನೂ ಬರೆದಿಟ್ಟಿತು. ಆಗಲೂ ಬಿಡಿಭಾಗದ ಹೆಸರು ಅದರ ಬಾಯಲ್ಲಿ ಬರಲಿಲ್ಲ. ಎರಡು ಸಿಲಿಂಡರಿಗೆ ಒಂದು ಕಾಯಿಲ್ ಇರುವ ಹಳೆಯ ಎಂಜಿನ್ನಿನಲ್ಲಿ 1 ಮತ್ತು 4 ಜೋಡಿ, 2 ಮತ್ತು 3 ಜೋಡಿ. ಪಿ0301, ಪಿ0304 ಒಟ್ಟಿಗೆ ಬಂದರೆ ಆ ಜೋಡಿಯ ಕಾಯಿಲ್ ಮೇಲೆ ಶಂಕೆ ಬರಬೇಕು ಎಂಬುದನ್ನು ಯೋಚಿಸಿ ತಿಳಿಯಬೇಕಾದವರು ಮನುಷ್ಯರೇ.

1996ನ್ನು ಹೀಗೆ ಹಿಂದಕ್ಕೆ ಸರಿಸುವುದು ಅನ್ಯಾಯ ಎಂದು ಆಕ್ಷೇಪಿಸಬಹುದು. ಕಂಪನಿಯ ದುಬಾರಿ ಯಂತ್ರ ಕೊಳ್ಳಲಾಗದ ಸಣ್ಣ ಗ್ಯಾರೇಜುಗಳಿಗೆ ಎಲ್ಲ ಕಾರುಗಳಿಗೂ ಆಗುವ ಒಂದೇ ಸ್ಕ್ಯಾನರ್ ಸಿಕ್ಕಿದ್ದು ಸಾಮಾನ್ಯ ಸಂಗತಿಯಲ್ಲ ಎಂಬ ಮಾತು ನಿಜ. ಆದರೆ ಅದು ಕೋಡನ್ನು ಓದುವ ಸೌಲಭ್ಯದ ಚರಿತ್ರೆ. ಕೋಡಿನಿಂದ ಕಾರಣಕ್ಕೆ ಹೋಗುವ ದಾರಿಯನ್ನು 1980ರ ದಶಕದ ಸರ್ವೀಸ್ ಕೈಪಿಡಿಗಳೇ ಹಾಕಿಕೊಟ್ಟಿದ್ದವು. ಒಂದೊಂದು ಕೋಡಿಗೂ ಒಂದು ಪುಟ, ಇಂಥ ಅಳತೆ ಬಂದರೆ ಇತ್ತ, ಬಾರದಿದ್ದರೆ ಅತ್ತ ಎಂಬ ಕವಲುಗಳು, ಸೆನ್ಸರ್ ಬದಲಿಸುವ ಸಲಹೆ ಕಟ್ಟಕಡೆಗೆ. ಸ್ಕ್ಯಾನರ್ ಅಗ್ಗವಾದಂತೆ ಆ ಪುಟಗಳನ್ನು ತಿರುವುವ ಅಭ್ಯಾಸ ಕಡಿಮೆಯಾದದ್ದು ನಷ್ಟವೇ. ಬಿಡಿಭಾಗ ತೋರಿಸದ ಕೋಡಿನಿಂದ ಪ್ರಯೋಜನವೇನು ಎಂಬ ಇನ್ನೊಂದು ಆಕ್ಷೇಪಕ್ಕೆ ಉತ್ತರ ಸುಲಭ. ಎಂಜಿನ್ನಿನ ಯಾವ ಭಾಗದಿಂದ ಹುಡುಕಾಟ ಶುರುವಾಗಬೇಕೆಂದು ಅದು ಹೇಳುತ್ತದೆ. ಆಗೊಮ್ಮೆ ಈಗೊಮ್ಮೆ ಬಂದು ಮಾಯವಾಗುವ ದೋಷಕ್ಕೆ ಬೇರೆ ದಾಖಲೆಯೇ ಇಲ್ಲ. ಬ್ಯಾಟರಿ ಕಳಚಿ ಕೋಡ್ ಅಳಿಸುವ ಚಾಳಿ ಹಾನಿಕರ ಎನ್ನುವುದು ಇದಕ್ಕಾಗಿಯೇ.

ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ ಇಂಥ ನಿಯಮ 2000-01ರಲ್ಲಿ ಬಂತು. ಭಾರತದ ದಾಖಲೆಯಲ್ಲಿ ಗೊಂದಲ ಹೆಚ್ಚು. 1999ರ ಸುಪ್ರೀಂ ಕೋರ್ಟ್ ಆದೇಶದಿಂದ ದೆಹಲಿ ಪ್ರದೇಶದಲ್ಲಿ ಹೊಗೆಯ ಮಿತಿ ಬಿಗಿಯಾದ ಮೇಲೆ ಕಾರ್ಬ್ಯುರೇಟರ್ ಹಿಂದೆ ಸರಿದು, ಪ್ರತಿ ಸಿಲಿಂಡರಿಗೂ ಪ್ರತ್ಯೇಕವಾಗಿ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಎಂಜಿನ್ನುಗಳು ದೇಶದಲ್ಲಿ ಹರಡಿದವು. ಅವುಗಳಲ್ಲಿ ಇಸಿಯು, ದೀಪ, ಕೋಡ್ ಎಲ್ಲವೂ ಇದ್ದವು. ಅವುಗಳಿಗೆ ಏಕರೂಪ ತರುವ ಕಾನೂನು ಮಾತ್ರ ಇರಲಿಲ್ಲ. ಭಾರತ್ ಸ್ಟೇಜ್-4 ಎಂಬ ಹೊಗೆ ಮಿತಿಯ ಕಾರುಗಳಿಗೆ ಒಬಿಡಿಯ ಮೊದಲ ಹಂತ 2010ರ ಏಪ್ರಿಲ್‌ನಿಂದ, ಎರಡನೆಯ ಹಂತ 2013ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. 2010ರಲ್ಲಿ ಸ್ಟೇಜ್-4 ಜಾರಿಯಾದ 13 ನಗರಗಳಲ್ಲಿ ಬೆಂಗಳೂರೂ ಒಂದು. ದೇಶಕ್ಕೆಲ್ಲ ಅದು ಬಂದದ್ದು 2017ರಲ್ಲಿ. ಆದ್ದರಿಂದ ಒಂದೇ ವರ್ಷದ, ಒಂದೇ ಹೆಸರಿನ ಎರಡು ಕಾರುಗಳು ಎಲ್ಲಿ ಮಾರಾಟವಾದವು ಎಂಬುದರ ಮೇಲೆ ಬೇರೆ ಬೇರೆ ಮಾನದಂಡದವು ಆಗಿರಬಹುದು. 2010ಕ್ಕೆ ಹಿಂದಿನ ಹಲವು ಭಾರತೀಯ ಕಾರುಗಳಲ್ಲಿ 16 ಪಿನ್ ಸಾಕೆಟ್ ಇದ್ದರೂ ಒಳಗಿನ ಸಂವಹನ ಕಂಪನಿಯ ಸ್ವಂತದ್ದು. ಸಾಮಾನ್ಯ ಸ್ಕ್ಯಾನರ್ ಅಲ್ಲಿ ಉತ್ತರ ಪಡೆಯದಿದ್ದರೆ ಇಸಿಯು ಕೆಟ್ಟಿದೆ ಎಂದು ತೀರ್ಮಾನಿಸುವಂತಿಲ್ಲ. ಅಂಥ ಕಾರಿಗೆ ಆಯಾ ಮಾದರಿಯ, ಆಯಾ ವರ್ಷದ ಸರ್ವೀಸ್ ಕೈಪಿಡಿಯೇ ಆಧಾರ.